ಲೈಫ್ ಸಿಮ್ ಆಟಗಳಲ್ಲಿ ಮಕ್ಕಳಿಗೆ ಮಾಡೋಕೆ ಏನೂ ಇಲ್ವಲ್ಲ, ಯಾಕೆ?

ಒಂಟಿಕೊಪ್ಪಲ್_ಓಣಿ (ಮೈಸೂರು)

ಲೈಫ್ ಸಿಮ್ ಅಂದರೆ ಪರದೆ ಮೇಲಿನ ಜನರ ದಿನನಿತ್ಯದ ಬದುಕನ್ನ ನಾವೇ ನಡೆಸೋ ಆಟ. ಅಂಥದ್ದೇ ಆದ ದಿ ಸಿಮ್ಸ್ 4 (ಅದರ ಪಾತ್ರಗಳಿಗೆ ಸಿಮ್ ಅಂತಾರೆ) ಬಂದಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಟಾಡ್ಲರ್‌ಗಳು, ಅಂದರೆ ಆಗತಾನೇ ನಡೆಯೋಕೆ ಕಲಿತ ಪುಟಾಣಿಗಳು, ಸೇರಿದ್ದು 2017ರ ಜನವರಿಯಲ್ಲಿ. ಟೀನೇಜ್ ಹುಡುಗ ಹುಡುಗಿಯರಿಗೆ 2022ರಲ್ಲಿ ಒಂದು ಇಡೀ ಹೈಸ್ಕೂಲ್ ಕೊಟ್ಟರು, ಕ್ಲಾಸ್‌ರೂಮ್ ಒಳಗೇ ಹೋಗಿ ಆಡಬಹುದು. ಅಂಬೆಗಾಲಿಡೋ ಇನ್‌ಫ್ಯಾಂಟ್‌ಗಳು 2023ರ ಮಾರ್ಚ್‌ನಲ್ಲಿ ಬಂದರು. ಟಾಡ್ಲರ್‌ಗೂ ಟೀನೇಜ್‌ಗೂ ಮಧ್ಯೆ ಇರೋ ಮಕ್ಕಳು, ಅಂದರೆ ಶಾಲೆಗೆ ಹೋಗೋ ವಯಸ್ಸಿನವರು, ಮೊದಲ ದಿನದಿಂದಲೂ ಆಟದಲ್ಲಿದ್ದಾರೆ. ಆದರೂ ಅವರ ದಿನಚರಿ ಅಷ್ಟೇನೂ ಬದಲಾಗಿಲ್ಲ.

ಒಂದು ವಾರದ ದಿನ ತಗೊಳ್ಳಿ. ಬೆಳಿಗ್ಗೆ 8ಕ್ಕೆ ಮಗು ಶಾಲೆಗೆ ಹೊರಟು ಪರದೆಯಿಂದ ಮಾಯ. ಮಧ್ಯಾಹ್ನ 3ಕ್ಕೆ ವಾಪಸ್. ಹೋಂವರ್ಕ್, ಒಂದಷ್ಟು ಹೊತ್ತು ಮಂಕಿ ಬಾರ್, ಊಟ, ನಿದ್ದೆ. ಕಲಿಯೋಕೆ ನಾಲ್ಕೇ ಕೌಶಲ: ಕ್ರಿಯೇಟಿವಿಟಿ, ಮೆಂಟಲ್, ಮೋಟಾರ್ (ಮೈಕೈ ಚಲನೆ), ಸೋಶಿಯಲ್. ಪ್ರತಿಯೊಂದಕ್ಕೂ 10 ಹಂತ. ಮಗು ಟೀನೇಜ್‌ಗೆ ಬಂದ ಕ್ಷಣ ಆ ನಾಲ್ಕೂ ಪಟ್ಟಿಯಿಂದ ಹೋಗುತ್ತವೆ. ಆಸ್ಪಿರೇಶನ್, ಅಂದರೆ ಆಟ ಕೊಡೋ ಗುರಿ, ಮುಗಿಸಿದ್ದರೆ ಒಂದು ಬೋನಸ್ ಗುಣ ಉಳಿಯುತ್ತೆ, ದೊಡ್ಡವರಾದ ಮೇಲೆ ಕೆಲವು ಕೌಶಲ ಬೇಗ ಹತ್ತಲಿ ಅಂತ.

ನನ್ನ ತಕರಾರು ಇಲ್ಲೇ ಇರೋದು. ಬಾಲ್ಯದಲ್ಲಿ ಸಿಗೋದೆಲ್ಲ ಮುಂದಕ್ಕೆ ಉಪಯೋಗ ಆಗೋ ಸಾಮಾನು. ಬಾಲ್ಯ ಮುಗಿಯೋದರ ಒಳಗೆ ಮಗುವಿಗೆ ಬೇಕಾದದ್ದು, ಅದು ಗೆಲ್ಲಬಹುದಾದದ್ದು, ಕಳೆದುಕೊಳ್ಳಬಹುದಾದದ್ದು ಅಂತ ಏನೂ ಇಲ್ಲ. ಹಾಗಾಗಿ ಬಹಳ ಜನ ಮಕ್ಕಳನ್ನು ಆಡೋದೇ ಇಲ್ಲ, ಕೇಕ್ ತಂದು ಕ್ಯಾಂಡಲ್ ಊದಿಸಿ ಟೀನೇಜ್‌ಗೆ ದಾಟಿಸಿಬಿಡ್ತಾರೆ. ಇದಕ್ಕೆ ಕಾರಣ ಏನು, ಸದ್ಯಕ್ಕೆ ಏನು ಮಾಡಬಹುದು, ವಿಷಯ ಗೊತ್ತಿರೋರು ವಿವರವಾಗಿ ಬರೀರಿ.

ಹಳೇ_ಸೀಡಿ (ಮೈಸೂರು)

ಮೊದಲಿಂದಲೂ ಹೀಗೇ ಇತ್ತು ಅಂದರೆ ತಪ್ಪಾಗುತ್ತೆ ಸರ್. ಮೊದಲನೇ ಸಿಮ್ಸ್‌ನಲ್ಲಿ, ಅಂದರೆ 2000ದಲ್ಲಿ, ಮಕ್ಕಳು ಬೆಳೀತಾನೇ ಇರಲಿಲ್ಲ. ಆದರೆ ಅವರ ಶಾಲೆಗೆ ಒಂದು ತೂಕ ಇತ್ತು. ಅಂಕ ಕುಸೀತಾ ಹೋದರೆ ಮಿಲಿಟರಿ ಸ್ಕೂಲಿಗೆ ಕಳಿಸಿಬಿಡೋರು, ಮಗು ಮತ್ತೆ ಮನೆಗೆ ಬರ್ತಾನೇ ಇರಲಿಲ್ಲ. ಕ್ರೂರ ಅನ್ನಿಸಬಹುದು, ಆದರೆ ಕಳಕೊಳ್ಳೋ ಭಯ ಅಂತ ಒಂದು ಇತ್ತಲ್ಲ.

2004ರ ಸಿಮ್ಸ್ 2ರಲ್ಲಿ ಖಾಸಗಿ ಶಾಲೆಗೆ ಸೇರಿಸೋದೇ ಒಂದು ಆಟ. ಹೆಡ್‌ಮಾಸ್ಟರ್‌ನ ಮನೆಗೆ ಊಟಕ್ಕೆ ಕರೀಬೇಕು, ಮನೆ ತೋರಿಸಬೇಕು, ಒಳ್ಳೇ ಅಡುಗೆ ಬಡಿಸಬೇಕು, ಮಾತಾಡಿ ಮೆಚ್ಚಿಸಬೇಕು. ಎಲ್ಲಾ ಸೇರಿ 90 ಅಂಕ ಬಂದರೆ ಸೀಟು. ಮನೆ ಕೊಳಕಾಗಿದ್ದರೆ, ಅಡುಗೆ ಸೀದು ಹೋಗಿದ್ದರೆ ಕೈತಪ್ಪುತ್ತಿತ್ತು. ಗಮನಿಸಿ, ಅಲ್ಲೂ ಓಡಾಡೋರು ಅಪ್ಪ ಅಮ್ಮಂದಿರೇ. ಮಗು ಸುಮ್ಮನೆ ಪಕ್ಕದಲ್ಲಿರುತ್ತೆ.

ಮಗುವಿನ ಕಡೆಯಿಂದ ನಿಜವಾಗಿ ಯೋಚನೆ ಮಾಡಿದ್ದು ಸಿಮ್ಸ್ 3ರ ಜನರೇಶನ್ಸ್ ಅನ್ನೋ ಹೆಚ್ಚುವರಿ ಪ್ಯಾಕ್, 2011. ಕೂಸಿಗೆ ಅಂಚೆಯಲ್ಲಿ ಒಂದು ಗೊಂಬೆ ಬರುತ್ತೆ. ಮಗು ಅದನ್ನ ಹಚ್ಚಿಕೊಂಡರೆ ಅದೇ ಕಾಲ್ಪನಿಕ ಸ್ನೇಹಿತ ಆಗುತ್ತೆ, ಆ ಮಗುವಿನ ಕಣ್ಣಿಗೆ ಮಾತ್ರ ಎದ್ದು ಓಡಾಡುತ್ತೆ. ಕೆಮಿಸ್ಟ್ರಿ ಟೇಬಲ್‌ನಲ್ಲಿ ಸರಿಯಾದ ಮದ್ದು ಮಾಡಿ ಕುಡಿಸಿದರೆ ಅದು ನಿಜವಾದ ಮನುಷ್ಯನೇ ಆಗಿಬಿಡುತ್ತೆ. ಜೊತೆಗೆ ಮರದ ಮೇಲಿನ ಮನೆ, ಸ್ನೇಹಿತರ ಮನೆಯಲ್ಲಿ ರಾತ್ರಿ ಮಲಗೋದು, ಸ್ಕೌಟ್ಸ್, ಬ್ಯಾಲೆ, ಬೋರ್ಡಿಂಗ್ ಸ್ಕೂಲು, ತರಲೆ ಕಿಡಿಗೇಡಿತನ. ಗೊಂಬೆಯ ವಿಷಯ ಯಾಕೆ ಎತ್ತಿ ಹೇಳ್ತಿದ್ದೀನಿ ಅಂದರೆ, ಅದು ದೊಡ್ಡವರಿಗೆ ಕಾಣೋದಿಲ್ಲ. ಮಗುವಿಗೆ ಮಾತ್ರ ಗೊತ್ತಿರೋ ಒಂದು ಗುಟ್ಟು. ಆಮೇಲಿನ ಆಟಗಳಲ್ಲಿ ಅಷ್ಟು ಪೂರ್ತಿಯಾಗಿ ಮಗುವಿಗೇ ಸೇರಿದ ವಸ್ತು ನಾನು ಕಂಡಿಲ್ಲ.

ಮೂಳೆಗೂಡು_3ಡಿ (ಮೈಸೂರು)

ಅನಿಮೇಶನ್ ಕಡೆಯಿಂದ ಕಾರಣ ಬರೀತೀನಿ, ಯಾಕಂದರೆ "ಕಂಪನಿಯವರಿಗೆ ಮನಸ್ಸಿಲ್ಲ" ಅನ್ನೋದು ಅರ್ಧ ಮಾತ್ರ ನಿಜ.

ಸಿಮ್ಸ್ 4ರಲ್ಲಿ ಟೀನೇಜರ್‌ನಿಂದ ಮುದುಕರ ತನಕ ಎಲ್ಲರದ್ದೂ ಒಂದೇ ಅಸ್ಥಿಪಂಜರ, ನಾವು ರಿಗ್ ಅಂತೀವಿ. ಅದಕ್ಕೇ ಅಲ್ಲಿ ಟೀನೇಜ್ ಹುಡುಗ ಅಪ್ಪನಷ್ಟೇ ಎತ್ತರ ಇರ್ತಾನೆ. ಎಷ್ಟೋ ಜನಕ್ಕೆ ಇದು ಇಷ್ಟ ಇಲ್ಲ, ಆದರೆ ಲಾಭ ನೋಡಿ: ಒಂದು ಕುಣಿತ, ಒಂದು ಅಡುಗೆ, ಒಂದು ಅಪ್ಪುಗೆ ಮಾಡಿದರೆ ನಾಲ್ಕು ವಯಸ್ಸಿಗೂ ನಡೆಯುತ್ತೆ. ಮಗುವಿನ ರಿಗ್ ಬೇರೆ. ಟಾಡ್ಲರ್‌ದು ಬೇರೆ, ಇನ್‌ಫ್ಯಾಂಟ್‌ದು ಮತ್ತೂ ಬೇರೆ. ಆಟದ ಫೈಲ್ ಬಿಚ್ಚಿದರೆ ಅನಿಮೇಶನ್ ತುಣುಕುಗಳ ಹೆಸರಿನ ಮೊದಲ ಅಕ್ಷರದಲ್ಲೇ ಗೊತ್ತಾಗುತ್ತೆ: ದೊಡ್ಡವರದು 'ಎ' ಇಂದ, ಮಕ್ಕಳದು 'ಸಿ' ಇಂದ, ಟಾಡ್ಲರ್‌ದು 'ಪಿ' ಇಂದ ಶುರು.

ಈಗ ಒಂದು ಕುರ್ಚಿ ತಗೊಳ್ಳಿ. ದೊಡ್ಡವರು ಕೂತರೆ ಪಾದ ನೆಲಕ್ಕೆ ತಾಗುತ್ತೆ. ಮಗು ಹತ್ತಬೇಕು, ಕಾಲು ಇಳಿಬಿಡಬೇಕು, ಇಳಿಯೋವಾಗ ಜಾರಬೇಕು. ಮೂರು ಹೊಸ ತುಣುಕು ಆಯ್ತು. ಇಬ್ಬರು ಸೇರಿ ಮಾಡೋ ಕ್ರಿಯೆ ಆದರೆ ಇನ್ನೂ ಕಷ್ಟ. ದೊಡ್ಡವರು-ದೊಡ್ಡವರು, ದೊಡ್ಡವರು-ಮಗು, ಮಗು-ಮಗು ಅಂತ ಪ್ರತಿ ಜೋಡಿಗೂ ಬೇರೆ ಬೇರೆ, ಕೈಗೆ ಕೈ ಸರಿಯಾಗಿ ತಾಗೋ ಹಾಗೆ ಕೂರಿಸಬೇಕು. ಟಾಡ್ಲರ್, ಇನ್‌ಫ್ಯಾಂಟ್ ಸೇರಿಕೊಂಡ ಮೇಲೆ ಜೋಡಿಗಳ ಪಟ್ಟಿ ಬೆಳೀತಾನೇ ಹೋಗುತ್ತೆ. ಹೊಸ ವಸ್ತು ಬಂದಾಗಲೆಲ್ಲ ಮೊದಲು ಕತ್ತರಿ ಬೀಳೋದು ಮಕ್ಕಳ ತುಣುಕಿಗೆ.

ಮಾಡ್, ಅಂದರೆ ಆಟವನ್ನ ಬದಲಾಯಿಸೋಕೆ ಆಡೋರೇ ಬರೆದು ಸೇರಿಸೋ ಫೈಲ್, ಮಾಡೋರು ಸಾಮಾನ್ಯವಾಗಿ ಹಿಡಿಯೋ ಅಡ್ಡದಾರಿ ಒಂದಿದೆ. ಯಾವುದೇ ಕ್ರಿಯೆಯ ಟ್ಯೂನಿಂಗ್ ಫೈಲ್‌ನಲ್ಲಿ (ಅದರ ನಿಯಮಗಳಿರೋ ಫೈಲ್) ಯಾವ ವಯಸ್ಸಿನವರು ಮಾಡಬಹುದು ಅನ್ನೋ ಪಟ್ಟಿ ಇರುತ್ತೆ, ಅಲ್ಲಿ ಮಗುವನ್ನೂ ಸೇರಿಸಿ ಸೇವ್ ಮಾಡೋದು. ಮೆನುವಿನಲ್ಲಿ ಆಯ್ಕೆ ಬರುತ್ತೆ ನಿಜ. ಆದರೆ ಮಗುವಿಗೆ ತಕ್ಕ ತುಣುಕು ಇಲ್ಲದಿದ್ದರೆ ದೊಡ್ಡವರ ಅಳತೆಯ ಚಲನೆಯನ್ನ ಸಣ್ಣ ಮೂಳೆಗೂಡಿಗೆ ಹಾಕಿದ ಹಾಗಾಗುತ್ತೆ. ತೋಳು ಎಳೆದು ಉದ್ದ ಆಗುತ್ತೆ, ಕತ್ತು ಭುಜದೊಳಗೆ ಹೋಗುತ್ತೆ, ಇಲ್ಲಾಂದ್ರೆ ಕ್ರಿಯೆ ಶುರುವಾಗದೆ ಮಾಡಬೇಕಾದ ಕೆಲಸಗಳ ಸಾಲಿನಿಂದ ಬಿದ್ದುಹೋಗುತ್ತೆ. ಆದ್ದರಿಂದ ಮಗುವಿಗೆ ಏನಾದರೂ ಹೊಸದು ಮಾಡೋಕೆ ಹೊರಟರೆ ಮೊದಲ ಪ್ರಶ್ನೆ ಇದು: ಮಗು ಈಗಾಗಲೇ ಮಾಡೋ ಯಾವ ಚಲನೆಯ ಮೇಲೆ ಇದನ್ನ ಕೂರಿಸಬಹುದು?

ಸಕ್ಕರೆನಾಡು_ಫಾರ್ಮ್ (ಮಂಡ್ಯ)

ಸಿಮ್ಸ್ ಬಿಡ್ರಣ್ಣ, ಸ್ಟಾರ್‌ಡ್ಯೂ ವ್ಯಾಲಿ ಅಂತ ಹೊಲ ಮಾಡೋ ಆಟ ಐತಲ್ಲ, ಅದರ ಕಥೆ ಕೇಳಿ. ಮನೆ ಎರಡನೇ ಸಲ ದೊಡ್ಡದು ಮಾಡ್ಸುದ್ರೆ ತೊಟ್ಲು ರೂಮ್ ಬತ್ತದೆ, ಆಟದ 1.6 ಅಪ್‌ಡೇಟ್ ಬಂದ್ಮೇಲೆ ಅದ್ಕೆ ಆಟದ 65,000 ದುಡ್ಡು, 100 ಹಾರ್ಡ್‌ವುಡ್ (ಗಟ್ಟಿ ಮರ) ಬೇಕು. ಆಮೇಲೆ ಸಂಗಾತಿ ಕೂಸು ಬೇಕಾ ಅಂತ ಕೇಳ್ಬೇಕು, ಅದೂ ಒಂದೊಂದು ರಾತ್ರಿಗೆ 5% ಅವಕಾಶ. ಅಷ್ಟೆಲ್ಲಾ ಆಗಿ ಕೂಸು ಹುಟ್ತದೆ. ಮೊದಲ 28 ದಿನ ತೊಟ್ಲಲ್ಲೇ ಇರ್ತದೆ, ಆಮ್ಯಾಕೆ ಅಂಬೆಗಾಲು, 56 ದಿನಕ್ಕೆ ಎದ್ದು ಓಡಾಡ್ತದೆ. ಅಲ್ಲಿಗೆ ನಿಂತೋಯ್ತು. ಮುಂದಕ್ಕೆ ಎಷ್ಟೇ ವರ್ಷ ಆಡುದ್ರೂ ಬೆಳೆಯಾಕಿಲ್ಲ. ಎರಡೇ ಕೂಸು, ಅದ್ಕಿಂತ ಹೆಚ್ಗೆ ಇಲ್ಲ.

ಇನ್ನೊಂದು ಮನಸ್ಸಿಗೆ ನೋವಾಗೋದು ಐತೆ. ಮಾಟಗಾತಿ ಗುಡಿಸ್ಲಲ್ಲಿ ಪ್ರಿಸ್ಮಾಟಿಕ್ ಶಾರ್ಡ್ ಅನ್ನೋ ಅಪರೂಪದ ಹರಳು ಒಂದು ಇಟ್ರೆ ಮಕ್ಕಳನ್ನ ಪಾರಿವಾಳ ಮಾಡಿ ಹಾರಿಸಬೋದು. ಬೇಡ ಅಂದ್ರೆ ತೆಗೆಯೋಕೆ ಒಂದು ದಾರಿ ಮಾಡವ್ರೆ, ಇಟ್ಕಂಡ್ರೆ ಆಡ್ಸೋಕೆ ದಾರಿ ಮಾಡಿಲ್ಲ. ಕೋಳಿಗೂಡಿಂದ ಮೊಟ್ಟೆ ತರೋದು, ನಾಯಿ ತಟ್ಟೆಗೆ ನೀರು ಹಾಕೋದು, ಇಷ್ಟಾದ್ರೂ ಮಾಡ್ಬೋದಿತ್ತು. ಹೊಲದ ಆಟದಲ್ಲಿ ಮಕ್ಳಿಗೆ ಕೆಲ್ಸ ಇಲ್ಲ ಅಂದ್ರೆ ನಮ್ ಕಡೆ ಯಾರೂ ಒಪ್ಪಾಕಿಲ್ಲ.

ಮೂಳೆಗೂಡು_3ಡಿ (ಮೈಸೂರು)

ಸ್ಟಾರ್‌ಡ್ಯೂ ಬಗ್ಗೆ ಒಂದು ಮಾತು. ಅದನ್ನ ಶುರುವಿನಲ್ಲಿ ಒಬ್ಬರೇ ಕೂತು ಮಾಡಿದ್ದು, ಮದುವೆ ಆಗಬಹುದಾದ ಪಾತ್ರಗಳೇ 12. ಮಗು ಬೆಳೆದರೆ ಹೊಸ ಚಿತ್ರ, ಹೊಸ ಮಾತು, ಹೊಸ ದಿನಚರಿ ಎಲ್ಲಾ ಬೇಕು, ಅದೂ ಅಪ್ಪ ಅಮ್ಮ ಯಾರು ಅನ್ನೋದರ ಮೇಲೆ ಬದಲಾಗಬೇಕು. ಆದರೆ ನಿಮ್ಮ ಮೊಟ್ಟೆ ತರೋ ಕೆಲಸದ ಮಾತು ಸರಿಯಾಗಿದೆ, ಅದಕ್ಕೆ ಇದೇನೂ ಅಡ್ಡಿ ಬರೋದಿಲ್ಲ.

ಚೌಕಾಬಾರ_ರಾಣಿ (ಮೈಸೂರು)

ರಿಗ್, ಖರ್ಚು ಎಲ್ಲಾ ಒಪ್ಪಿದೆ. ಆದರೂ ಮೂಲ ತೊಂದರೆ ವಿನ್ಯಾಸದ್ದು ಅಂತ ನನಗೆ ಖಚಿತವಾಗಿ ಅನ್ನಿಸುತ್ತೆ. ಈ ಆಟಗಳು ಮಗುವನ್ನ ಏನೇನೋ ಆಗದ ದೊಡ್ಡವರು ಅಂತ ಲೆಕ್ಕ ಹಾಕುತ್ತವೆ. ಕೆಲಸಕ್ಕೆ ಹೋಗೋಕಾಗಲ್ಲ, ಒಲೆ ಹಚ್ಚೋಕಾಗಲ್ಲ, ಪ್ರೀತಿ ಮಾಡೋಕಾಗಲ್ಲ. ಮೆನುವಿನಿಂದ ಒಂದೊಂದನ್ನೇ ಕಿತ್ತು ಹಾಕಿದರೆ ಉಳಿಯೋದು ಆ ಖಾಲಿ ಪಟ್ಟಿ. ನಿಜವಾದ ಮಗುವಿಗೆ 'ಆಗಲ್ಲ' ಅನ್ನೋದರ ಸುತ್ತಲೇ ಆಟ ಇರೋದು. ಕೇಳಬೇಕು, ಕಾಡಿಸಬೇಕು, ಅಪ್ಪ ಬೇಡ ಅಂದರೆ ಅಜ್ಜಿ ಹತ್ತಿರ ಹೋಗಬೇಕು, ಕತ್ತಲಾಗೋದರೊಳಗೆ ವಾಪಸ್ ಬರಬೇಕು, ಬಚ್ಚಿಡಬೇಕು, ಸಿಕ್ಕಿಬಿದ್ದರೆ ಬೈಸಿಕೊಳ್ಳಬೇಕು. ಈ ಒಂದೊಂದೂ ಒಂದೊಂದು ನಿಯಮ, ಗೆಲುವು ಸೋಲು ಇರೋ ನಿಯಮ. ಇದಕ್ಕೆ ಹೊಸ ಮಂಕಿ ಬಾರ್ ಬೇಕಾಗಿಲ್ಲ.

ಹೀಗೆ ಮಾಡಿ ತೋರಿಸಿದ ಆಟಗಳೂ ಇವೆ. ಜಪಾನಿನಲ್ಲಿ 2000ದಲ್ಲಿ ಪ್ಲೇಸ್ಟೇಶನ್‌ಗೆ ಬಂದ ಬೋಕು ನೋ ನಾತ್ಸುಯಾಸುಮಿ ನೋಡಿ. 1975ರ ಆಗಸ್ಟ್ ತಿಂಗಳು, ಹಳ್ಳಿಯಲ್ಲಿರೋ ನೆಂಟರ ಮನೆಗೆ ರಜಕ್ಕೆ ಹೋದ ಹುಡುಗ. 31 ದಿನ, ಅಷ್ಟೇ. ಜೀರುಂಡೆ ಹಿಡಿದು ಕಾದಾಡಿಸಬಹುದು, ಗಾಳಿಪಟ ಬಿಡಬಹುದು, ರಾತ್ರಿ ಚಿತ್ರದ ಡೈರಿ ಬರೆದು ಮಲಗಬೇಕು. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ನಡೆದರೆ ಹೊತ್ತು ಕಳೆಯುತ್ತೆ, ಊಟದ ಹೊತ್ತಿಗೆ ಮನೆಗೆ ಕರೀತಾರೆ. ದಿನ ಸಾಲೋದಿಲ್ಲ, ಅದೇ ಅದರ ಬಿಗಿ. ದೊಡ್ಡವನಾದಾಗ ಉಪಯೋಗಕ್ಕೆ ಬರಲಿ ಅಂತ ಅಲ್ಲಿ ಒಂದು ಅಂಕವನ್ನೂ ಕೂಡಿಡೋದಿಲ್ಲ.

ಇನ್ನೊಂದು ತುದಿಯಲ್ಲಿ 2018ರ ಚೈನೀಸ್ ಪೇರೆಂಟ್ಸ್. ಹುಟ್ಟಿದಾಗಿನಿಂದ ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆವರೆಗೆ ಮಗುವೇ ನೀವು. ಅಪ್ಪ ಅಮ್ಮನ ನಿರೀಕ್ಷೆ ಒಂದು ಕಡೆ, ಮಗುವಿನ ಮನಸ್ಸಿನ ಒತ್ತಡ ಇನ್ನೊಂದು ಕಡೆ. ಓದು ಜಾಸ್ತಿ ಮಾಡಿದರೆ ಒತ್ತಡ ಏರುತ್ತೆ, ಆಟ ಜಾಸ್ತಿ ಮಾಡಿದರೆ ಮನೆಯಲ್ಲಿ ಮುಖ ಸಪ್ಪಗಾಗುತ್ತೆ. ನೆಂಟರು ಹಬ್ಬಕ್ಕೆ ದುಡ್ಡಿನ ಲಕೋಟೆ ಕೊಡೋಕೆ ಬಂದಾಗ ಬೇಡ ಬೇಡ ಅಂತ ತಳ್ಳುತ್ತಾ, ಕೊನೆಗೆ ತಗೊಳ್ಳೋ ಒಂದು ಪುಟ್ಟ ಆಟವೂ ಇದೆ. ನಮ್ಮ ಕಡೆ ಊರಿಗೆ ಹೊರಟ ಚಿಕ್ಕಪ್ಪ ಕೈಗೆ ನೋಟು ತುರುಕೋವಾಗ ಮಗು ಅಮ್ಮನ ಮುಖ ನೋಡುತ್ತಲ್ಲ, ಥೇಟ್ ಅದೇ.

ಒಂಟಿಕೊಪ್ಪಲ್_ಓಣಿ (ಮೈಸೂರು)

ಚೌಕಾಬಾರ ಮೇಡಂ, ನೀವು ಹೇಳಿದ್ದು ನಾನು ಹುಡುಕ್ತಿದ್ದ ಮಾತೇ. ಸಿಮ್ಸ್ 4ರ ಪೇರೆಂಟ್‌ಹುಡ್ ಪ್ಯಾಕ್ (ಮೂಲ ಆಟಕ್ಕೆ ಸೇರಿಸಿಕೊಳ್ಳೋ ಹೆಚ್ಚುವರಿ ಭಾಗ) 2017ರಲ್ಲಿ ಇದಕ್ಕೆ ಹತ್ತಿರ ಬಂದಿತ್ತು. ಮರ್ಯಾದೆ, ಜವಾಬ್ದಾರಿ, ಜಗಳ ಬಗೆಹರಿಸೋದು, ಇನ್ನೊಬ್ಬರ ನೋವು ಅರಿಯೋದು, ಭಾವನೆ ಹಿಡಿತದಲ್ಲಿಡೋದು ಅಂತ ಐದು ಮೌಲ್ಯ. ಮನೆಗೆ ಬರೋ ಸಮಯ ಗೊತ್ತುಮಾಡಬಹುದು, ಶಿಕ್ಷೆಯಾಗಿ ಟೀವಿ, ಕಂಪ್ಯೂಟರ್ ಬಂದ್ ಮಾಡಬಹುದು. ಆದರೆ ಅಲ್ಲೂ ಕೀಲಿ ಇರೋದು ಅಪ್ಪ ಅಮ್ಮನ ಕೈಯಲ್ಲಿ. ಮಗು ಮಾಡೋ ಉಪಾಯಕ್ಕೆ ಗುಂಡಿ ಇಲ್ಲ.

ಪ್ಯಾಚ್_ಪಾಂಡವಪುರ (ಮಂಡ್ಯ ಜಿಲ್ಲೆ)

ಕಾರಣ ಸಾಕಷ್ಟಾಯ್ತು, ಈಗಿರೋ ಆಟದಲ್ಲೇ ಮಗುವನ್ನ ಮುಖ್ಯ ಪಾತ್ರ ಮಾಡಿ ಆಡೋದು ಹೇಗೆ ಅಂತ ಬರೀತೀನಿ. ಸಿಮ್ಸ್ 4ರ ಮೂಲ ಆಟ 2022ರ ಅಕ್ಟೋಬರ್‌ನಿಂದ ಉಚಿತ, ಹಾಗಾಗಿ ಇದರಲ್ಲಿ ಬಹಳಷ್ಟನ್ನ ದುಡ್ಡು ಹಾಕದೇ ಮಾಡಬಹುದು.

ಮೊದಲು ವಯಸ್ಸು ನಿಲ್ಲಿಸಿ. ಗೇಮ್ ಆಪ್ಶನ್ಸ್‌ನಲ್ಲಿ ಗೇಮ್‌ಪ್ಲೇ ಒಳಗೆ ಆಟೋ ಏಜ್ ಎರಡು ಕಡೆ ಇದೆ, ನೀವು ಆಡೋ ಮನೆಗಳಿಗೆ ಒಂದು, ಆಡದ ಮನೆಗಳಿಗೆ ಒಂದು. ಎರಡನ್ನೂ ಆಫ್ ಮಾಡಬೇಕು. ನಿಮ್ಮ ಮನೆಯದನ್ನ ಮಾತ್ರ ನಿಲ್ಲಿಸಿದರೆ ಪಕ್ಕದ ಮನೆ ಗೆಳೆಯರೆಲ್ಲ ಟೀನೇಜ್ ದಾಟಿ ಕೆಲಸಕ್ಕೂ ಹೋಗ್ತಾರೆ, ನಿಮ್ಮ ಮಗು ಮಾತ್ರ ಅದೇ ಕ್ಲಾಸಲ್ಲಿ ಒಂಟಿಯಾಗಿ ಉಳಿಯುತ್ತೆ. ದೊಡ್ಡವಳಾಗಲಿ ಅನ್ನಿಸಿದಾಗ ಕೇಕ್ ಮೇಲೆ ಕ್ಯಾಂಡಲ್ ಇಟ್ಟು ಊದಿಸಿ, ಅದಕ್ಕೆ ಆಟೋ ಏಜ್ ಬೇಕಾಗಲ್ಲ.

ಎರಡನೇದು, ದೊಡ್ಡವರ ಮೇಲೆ ಕ್ಲಿಕ್ ಮಾಡೋದನ್ನ ಬಿಡಿ. ಆಟೋನಮಿ, ಅಂದರೆ ಸಿಮ್‌ಗಳು ತಾವಾಗೇ ಏನಾದರೂ ಮಾಡೋದು, ಪೂರ್ತಿ ಇಟ್ಟು, ಆಯ್ಕೆ ಮಾಡಿದ ಸಿಮ್‌ಗೆ ಮಾತ್ರ ಆಟೋನಮಿ ಆಫ್ ಮಾಡೋ ಟಿಕ್ ಒಂದಿದೆ, ಅದನ್ನ ಹಾಕಿ. ಆಗ ಅಪ್ಪ ಅಮ್ಮ ತಮ್ಮ ಪಾಡಿಗೆ ಇರ್ತಾರೆ, ಮಗು ಪೂರ್ತಿ ನಿಮ್ಮ ಕೈಲಿ. ಅಡುಗೆ ಯಾರೂ ಮಾಡದ ದಿನ ಮಗು ಫ್ರಿಜ್‌ನಿಂದ ಏನಾದರೂ ತೆಗೆದು ತಿನ್ನಬೇಕಾಗುತ್ತೆ. ಅದೂ ಆಟದ ಭಾಗವೇ.

ಕೌಶಲಕ್ಕೆ ಒಂದೇ ಸಾಮಾನಿನ ಮುಂದೆ ಕೂರಿಸಿದರೆ ಮಗುವಿಗೂ ಬೇಜಾರು, ನಿಮಗೂ ಬೇಜಾರು. ಮೆಂಟಲ್‌ಗೆ ಚೆಸ್ ಮತ್ತು ಮಕ್ಕಳ ಮದ್ದಿನ ಸೆಟ್ ಎರಡನ್ನೂ ಬದಲಾಯಿಸ್ತಾ ಹೋಗಿ. ಮೋಟಾರ್‌ಗೆ ಹೊರಗೆ ಮಂಕಿ ಬಾರ್, ಒಳಗಾದರೆ ಕಂಪ್ಯೂಟರ್‌ನಲ್ಲಿ ಟೈಪಿಂಗ್ ಅಭ್ಯಾಸ. ಟೈಪಿಂಗ್ ಮೋಟಾರ್‌ಗೆ ಸೇರುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ, ಮಳೆ ಬಂದ ದಿನ ಕೈಗೆ ಬರುತ್ತೆ. ಕ್ರಿಯೇಟಿವಿಟಿಗೆ ಚಿತ್ರ ಬರೆಯೋ ಮಕ್ಕಳ ಮೇಜು, ಪಿಟೀಲು. ಸೋಶಿಯಲ್‌ಗೆ ಗೊಂಬೆ ಜೊತೆ ಮಾತಾಡಿದರೂ ನಡೆಯುತ್ತೆ.

ಗ್ರೋಯಿಂಗ್ ಟುಗೆದರ್ ಪ್ಯಾಕ್ ಇರೋರಿಗೆ ಮಗುವಿನ ಆತ್ಮವಿಶ್ವಾಸ, ಹಲ್ಲು ಬೀಳೋದು, ಸೈಕಲ್ ಕಲಿಯೋದು, ಮರದ ಮನೆ ಇವೆಲ್ಲ ಸಿಗುತ್ತೆ. ಇದ್ದಿದ್ದರಲ್ಲಿ ಮಕ್ಕಳಿಗೆ ಅಂತ ಒಂದೇ ಪ್ಯಾಕ್ ತಗೊಳ್ಳೋದಾದರೆ ನನ್ನ ಮತ ಇದಕ್ಕೆ.

ಸಕ್ಕರೆನಾಡು_ಫಾರ್ಮ್ (ಮಂಡ್ಯ)

ಅಣ್ಣಾ, ನಂದೊಂದು ಡೌಟು. ಪಾರ್ಕಿಗೆ ಕರ್ಕಂಡೋದ್ರೆ ಒಂದು ಮಗಾನೂ ಇರಾಕಿಲ್ಲ, ಬರೀ ದೊಡ್ಡೋರೇ. ಆಡೋಕೆ ಜೊತೆ ಯಾರು?

ಪ್ಯಾಚ್_ಪಾಂಡವಪುರ (ಮಂಡ್ಯ ಜಿಲ್ಲೆ)

ಊರಿನ ಮನೆಗಳಲ್ಲಿ ಮಕ್ಕಳಿಲ್ಲದಿದ್ದರೆ ಪಾರ್ಕಿಗೆ ಎಲ್ಲಿಂದ ಬರ್ತಾರೆ ತಮ್ಮಾ? ಮೂರು ದಾರಿ ಇವೆ. ಒಂದು, ನೆರೆಹೊರೆ ಮನೆಗಳನ್ನ ನೀವೇ ತುಂಬಿ. ಮ್ಯಾನೇಜ್ ವರ್ಲ್ಡ್ಸ್‌ಗೆ ಹೋಗಿ, ನಾಲ್ಕೈದು ಕುಟುಂಬ ಮಾಡಿ, ಪ್ರತಿಯೊಂದರಲ್ಲೂ ಒಂದೋ ಎರಡೋ ಮಕ್ಕಳನ್ನ ಇಟ್ಟು ಮನೆಗೆ ಕೂರಿಸಿ. ಎರಡು, ನೇಬರ್‌ಹುಡ್ ಸ್ಟೋರೀಸ್‌ನಲ್ಲಿ ಮನೆ ಮನೆಗೂ ಬೇರೆ ಬೇರೆಯಾಗಿ ಮಗು ಹೆರೋದು, ದತ್ತು ತಗೊಳ್ಳೋದು ಆನ್ ಮಾಡಬಹುದು. ಆದರೆ ವಯಸ್ಸು ನಿಲ್ಲಿಸಿದ್ದರೆ ಹುಟ್ಟಿದ ಕೂಸು ಕೂಸಾಗೇ ಉಳಿಯುತ್ತೆ, ಅದು ನೆನಪಿರಲಿ. ಒಬ್ಬೊಬ್ಬರ ವಯಸ್ಸನ್ನೂ ಬೇಕಾದಂತೆ ಸರಿಪಡಿಸೋಕೆ ಎಂಸಿ ಕಮಾಂಡ್ ಸೆಂಟರ್ ಮಾಡ್ ಒಳ್ಳೇದು.

ಮೂರನೇದೇ ನಿಜವಾದ ಮದ್ದು. ಗೆಟ್ ಟುಗೆದರ್ ಪ್ಯಾಕ್‌ನ ಕ್ಲಬ್. ಸದಸ್ಯರ ವಯಸ್ಸು ಮಗು ಮಾತ್ರ ಅಂತ ಷರತ್ತು ಹಾಕಿ, ಬೀದಿ ಮಕ್ಕಳ ಗುಂಪು ಕಟ್ಟಿ. ಶುರುವಿಗೆ 8 ಜನ. ಏನು ಮಾಡಬೇಕು, ಏನು ಮಾಡಬಾರದು ಎರಡನ್ನೂ ಗೊತ್ತುಮಾಡಬಹುದು. ಸಭೆ ಕರೆದರೆ ಎಲ್ಲಾ ಒಟ್ಟಿಗೆ ಬಂದು ಇಳೀತಾರೆ. ಚೌಕಾಬಾರ ಮೇಡಂ ಹೇಳಿದ ಗುಟ್ಟು, ಜಗಳ, ರಾಜಿ ಇವೆಲ್ಲ ಇಲ್ಲಿಂದ ತಾನಾಗೇ ಹುಟ್ಟುತ್ತೆ. ಎದುರು ಬೀದಿದು ಇನ್ನೊಂದು ಕ್ಲಬ್ ಮಾಡಿ, ಆ ಕ್ಲಬ್‌ನವರ ಜೊತೆ ಒರಟಾಗಿ ಮಾತಾಡಬೇಕು ಅಂತ ಚಟುವಟಿಕೆ ಹಾಕಿ ನೋಡಿ.

ಮಾಡ್ ಹಾಕೋರಿಗೆ ಒಂದು ಎಚ್ಚರಿಕೆ. ಆಟ ಅಪ್‌ಡೇಟ್ ಆದಾಗಲೆಲ್ಲ ಮಾಡ್‌ಗಳು ತಾವಾಗೇ ಆಫ್ ಆಗ್ತವೆ, ಮತ್ತೆ ಆನ್ ಮಾಡಿ ಆಟ ಮುಚ್ಚಿ ತೆರೀಬೇಕು. ಸ್ಕ್ರಿಪ್ಟ್ (ಕೋಡ್) ಇರೋ ಮಾಡ್ ಅನ್ನ ಮಾಡ್ಸ್ ಫೋಲ್ಡರ್‌ನಲ್ಲಿ ನೇರವಾಗಿ ಇಡಿ, ಇಲ್ಲಾ ಒಂದೇ ಒಂದು ಒಳಫೋಲ್ಡರ್‌ನಲ್ಲಿಡಿ. ಅದಕ್ಕಿಂತ ಒಳಗಿಟ್ಟರೆ ಆಟ ಓದೋದೇ ಇಲ್ಲ. "ಮಾಡ್ ಕೆಲಸ ಮಾಡ್ತಿಲ್ಲ" ಅನ್ನೋ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಹಳೇ_ಸೀಡಿ (ಮೈಸೂರು)

ಕಾರಣಗಳಲ್ಲಿ ಒಂದನ್ನ ಯಾರೂ ಎತ್ತಲಿಲ್ಲ. ವಯಸ್ಸಿನ ರೇಟಿಂಗ್. ಮಗುವಿನ ಪಾತ್ರಕ್ಕೆ ಏನಾದರೂ ಆದರೆ ಕಂಪನಿ ತಕ್ಷಣ ಸಿಕ್ಕಿಹಾಕಿಕೊಳ್ಳುತ್ತೆ. ಇನ್‌ಝೋಯಿ ಅನ್ನೋ ಇನ್ನೊಂದು ಲೈಫ್ ಸಿಮ್ 2025ರ ಮಾರ್ಚ್ 28ಕ್ಕೆ ಅರ್ಲಿ ಆಕ್ಸೆಸ್‌ಗೆ, ಅಂದರೆ ಪೂರ್ತಿ ಸಿದ್ಧವಾಗೋ ಮುಂಚಿನ ಮಾರಾಟಕ್ಕೆ, ಬಂದಾಗ ಕಾರಿನಲ್ಲಿ ಮಕ್ಕಳಿಗೆ ಗುದ್ದಬಹುದು ಅನ್ನೋದು ಹೊರಬಿತ್ತು. ಅದು ಬಗ್ ಅಂತ ಹೇಳಿ ಕಂಪನಿ ಬೇಗ ಸರಿಮಾಡಿತು, ಮಾಡಲೇಬೇಕಿತ್ತು. ಆದರೆ ಇಂಥ ಭಯದಲ್ಲಿ ವಿನ್ಯಾಸ ಮಾಡೋರು ಮಗುವನ್ನ ಹತ್ತಿಯಲ್ಲಿ ಸುತ್ತಿಡ್ತಾರೆ. ಅಪಾಯ ಎಲ್ಲಿಲ್ಲವೋ ಅಲ್ಲಿ ಸಾಹಸವೂ ಇರಲ್ಲ.

ಚೌಕಾಬಾರ_ರಾಣಿ (ಮೈಸೂರು)

ಇದನ್ನ ನಾನು ಪೂರ್ತಿ ಒಪ್ಪೋದಿಲ್ಲ ಸರ್. ಸಾಯೋದು, ಗಾಯ ಆಗೋದು ಬಿಟ್ಟರೆ ಕಳೆದುಕೊಳ್ಳೋಕೆ ಬೇರೇನೂ ಇಲ್ವಾ? ಗೋಲಿ ಸೋಲಬಹುದು. ಗೆಳತಿ ಟೂ ಬಿಡಬಹುದು. ದಸರಾ ಗೊಂಬೆ ಜೋಡಿಸೋವಾಗ ಅಜ್ಜಿಯ ಪಟ್ಟದ ಗೊಂಬೆ ಕೈಜಾರಿ ಮೂಗು ಮುಕ್ಕಾಗಬಹುದು, ಅದನ್ನ ಹಿಂದಿನ ಸಾಲಿಗೆ ಸರಿಸಿ, ಮುಂದೆ ಚೆಟ್ಟಿ ಗೊಂಬೆ ಕೂರಿಸಿ ಒಂಬತ್ತು ದಿನ ಯಾರ ಕಣ್ಣಿಗೂ ಬೀಳದ ಹಾಗೆ ಕಾಪಾಡಬೇಕು. ಗೊಂಬೆ ನೋಡೋಕೆ ಬಂದವರು ಪ್ರತಿಯೊಬ್ಬರೂ ಮೆಟ್ಟಿಲ ಹತ್ತಿರ ಬಗ್ಗಿದಾಗ ಎದೆ ಡವಗುಟ್ಟುತ್ತೆ. ಯಾವ ರೇಟಿಂಗ್ ಮಂಡಳಿಯೂ ಇದನ್ನ ಬೇಡ ಅನ್ನಲ್ಲ. ಎಷ್ಟು ಒಳ್ಳೇ ಆಟ ಇದು! ಇಂಥದ್ದು ಯಾರಿಗೂ ಹೊಳೀತಿಲ್ಲವಲ್ಲ ಅನ್ನೋದೇ ನನಗೆ ಸಂಕಟ.

ಮೈಸೂರಲ್ಲೇ ನೋಡಿ, ರಂಗಾಯಣದ ಚಿಣ್ಣರ ಮೇಳದಲ್ಲಿ ಬೇಸಿಗೆ ರಜದಲ್ಲಿ ಮಕ್ಕಳು ಕಲಿತು ನಾಟಕ ಆಡ್ತಾರೆ. ಅದನ್ನ ಆಟಕ್ಕೆ ತಂದರೆ ಪಾತ್ರ ಹಂಚಿಕೆ, ಮಾತು ಮರೆಯೋದು, ಪ್ರದರ್ಶನದ ದಿನ ಎಲ್ಲಾ ಇರುತ್ತೆ. ಬಾಲ್ಯದೊಳಗೇ ಶುರುವಾಗಿ ಬಾಲ್ಯದೊಳಗೇ ಮುಗಿಯೋ ಗುರಿ.

ಮೂಳೆಗೂಡು_3ಡಿ (ಮೈಸೂರು)

ಹಾಗಾದರೆ ಮಾಡೋಕಾಗೋದು ಒಂದನ್ನ ಹಿಡಿಯೋಣ. ಲಗೋರಿ ಬೇಡ. ಏಳು ಕಲ್ಲು ಜೋಡಿಸೋದು, ಚೆಂಡಿನಲ್ಲಿ ಹೊಡೆಯೋದು, ತಪ್ಪಿಸಿಕೊಂಡು ಓಡೋದು, ಎರಡು ತಂಡ. ಎಲ್ಲಾ ಹೊಸ ತುಣುಕು ಬೇಕು, ಓಡೋವಾಗ ಸಿಮ್‌ಗಳು ದಾರಿ ತಪ್ಪಿ ಒಬ್ಬರಿಗೊಬ್ಬರು ಅಡ್ಡ ನಿಲ್ತಾರೆ. ಚೌಕಾಬಾರ ಆದರೆ ಸಾಧ್ಯ. ಕಾರಣ, ಮಗು ಚೆಸ್ ಆಡುತ್ತೆ. ಕೂರೋದು, ಯೋಚನೆ ಮಾಡೋದು, ಕಾಯಿ ನಡೆಸೋದು, ಗೆದ್ದು ಕುಣಿಯೋದು, ಇವೆಲ್ಲ ಮಗುವಿನ ರಿಗ್‌ಗೆ ಈಗಾಗಲೇ ಇವೆ.

ಕೆಲಸ ಹೀಗೆ. ಸಿಮ್ಸ್ 4 ಸ್ಟುಡಿಯೋ ಅನ್ನೋ ಮಾಡ್ ಮಾಡೋ ತಂತ್ರಾಂಶದಲ್ಲಿ ಚೆಸ್ ಮೇಜನ್ನ ಕ್ಲೋನ್ (ನಕಲು) ಮಾಡಿ, ಮೆಶ್ ಅನ್ನ, ಅಂದರೆ ಅದರ 3ಡಿ ಆಕಾರವನ್ನ, ಬ್ಲೆಂಡರ್ ಅನ್ನೋ 3ಡಿ ತಂತ್ರಾಂಶಕ್ಕೆ ತಗೊಂಡು ಮೇಲಿನ ಹಲಗೆ ಮಾತ್ರ ಬದಲಾಯಿಸಿ. 5ಕ್ಕೆ 5 ಮನೆ, ನಾಲ್ಕು ಬದಿಯ ನಡುಮನೆ ಮತ್ತು ಮಧ್ಯದ ಮನೆಗೆ ಕತ್ತರಿ ಗುರುತು. ಮೇಜಿನ ಎತ್ತರ, ಕುರ್ಚಿ ಬರೋ ಸ್ಲಾಟ್ (ಗೊತ್ತುಮಾಡಿದ ಜಾಗ) ಮುಟ್ಟಬೇಡಿ. ಸ್ವಲ್ಪ ಜರುಗಿಸಿದರೂ ಮಗು ಕೂರೋಕೆ ಜಾಗ ಸಿಗದೆ ಕಾಲು ಬಡಿದು ವಾಪಸ್ ಹೋಗುತ್ತೆ.

ಆಮೇಲೆ ಟ್ಯೂನಿಂಗ್. ಚೆಸ್‌ನ ಕ್ರಿಯೆಯ ಫೈಲ್ ನಕಲು ಮಾಡಿದಾಗ ಅದಕ್ಕೆ ಹೊಸ ಇನ್‌ಸ್ಟೆನ್ಸ್ ಸಂಖ್ಯೆ (ಫೈಲಿನ ಗುರುತಿನ ಸಂಖ್ಯೆ) ಕೊಡಲೇಬೇಕು. ಹಳೇ ಸಂಖ್ಯೆ ಉಳಿದರೆ ಊರಿನ ಎಲ್ಲಾ ಚೆಸ್ ಮೇಜೂ ನಿಮ್ಮ ನಿಯಮಕ್ಕೆ ತಿರುಗುತ್ತೆ. ಫಲಿತಾಂಶದಲ್ಲಿ ಮೆಂಟಲ್ ತೆಗೆದು ಸೋಶಿಯಲ್ ಕೊಡಿ. ಹೆಸರು ಬರೆಯೋ ಪಟ್ಟಿಯಲ್ಲಿ ಕನ್ನಡ ಭಾಷೆ ಇಲ್ಲ, ಹಾಗಾಗಿ ಇಂಗ್ಲಿಷ್ ಪಟ್ಟಿಯಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಬರೀಬೇಕು. ಅದನ್ನ ಉಳಿದ ಭಾಷೆಯ ಪಟ್ಟಿಗಳಿಗೂ ನಕಲು ಮಾಡಿ, ಇಲ್ಲದಿದ್ದರೆ ಬೇರೆ ಭಾಷೆಯಲ್ಲಿ ಆಡೋರಿಗೆ ಮೆನು ಖಾಲಿ ಕಾಣುತ್ತೆ.

ಚೌಕಾಬಾರ_ರಾಣಿ (ಮೈಸೂರು)

ನಿಯಮ ನಾನು ಕೊಡ್ತೀನಿ. ನಾಲ್ಕು ಕವಡೆ. ಅಂಗಾತ ಬಿದ್ದದ್ದು ಒಂದಾದರೆ 1, ಎರಡಾದರೆ 2, ಮೂರಾದರೆ 3, ನಾಲ್ಕೂ ಅಂಗಾತ ಬಿದ್ದರೆ ಚೌಕ 4, ನಾಲ್ಕೂ ಬೋರಲು ಬಿದ್ದರೆ ಬಾರ 8. ಚೌಕ, ಬಾರ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ. ಈ ಕೊನೆಯ ನಿಯಮ ಬಿಡಬೇಡಿ. ಎಷ್ಟೇ ಮುಂದಿದ್ದರೂ ಹೊಡೆಯದಿದ್ದರೆ ಸುತ್ತುತ್ತಾನೇ ಇರಬೇಕು ಅನ್ನೋದರಲ್ಲೇ ಜಗಳ, ಹಟ, ಟೂ ಬಿಡೋದು ಎಲ್ಲಾ ಇರೋದು.

ಹೊಡೆಸಿಕೊಂಡ ಮಗುವಿಗೆ 2 ಗಂಟೆ ಸಿಟ್ಟಿನ ಮೂಡ್, ಹೊಡೆದವರ ಜೊತೆ ಸ್ನೇಹ ಸ್ವಲ್ಪ ಕಮ್ಮಿ. ಅದೇ ದಿನ ಮತ್ತೊಂದು ಆಟ ಆಡಿದರೆ ಕಮ್ಮಿಯಾದದ್ದಕ್ಕಿಂತ ಜಾಸ್ತಿ ವಾಪಸ್ ಬರಬೇಕು. ದೊಡ್ಡವರೂ ಕೂರಬಹುದು, ಆದರೆ ಅವರಿಗೆ ಯಾವ ಲಾಭವೂ ಬೇಡ.

ಪ್ಯಾಚ್_ಪಾಂಡವಪುರ (ಮಂಡ್ಯ ಜಿಲ್ಲೆ)

ಒಂದು ತೊಡಕಿದೆ ಮೇಡಂ. ಚೆಸ್ ಮೇಜಲ್ಲಿ ಇಬ್ಬರೇ. ನಾಲ್ಕು ಜನ ಕೂರಿಸಬೇಕಾದರೆ ಸ್ಲಾಟು, ಸರದಿ ಎರಡನ್ನೂ ಹೊಸದಾಗಿ ಬರೀಬೇಕು. ಮತ್ತೆ ಒಳಗಡೆ ನಿಜವಾದ ಕವಡೆ ಲೆಕ್ಕ ನಡೆಯಲ್ಲ, ಕೌಶಲ ನೋಡಿ ಯಾರು ಗೆದ್ದರು ಅಂತ ಆಟ ತೀರ್ಮಾನ ಮಾಡುತ್ತೆ. ಕವಡೆ ಅದೃಷ್ಟದ ಆಟ, ಹಾಗಾಗಿ ಗೆಲ್ಲೋ ಅವಕಾಶ ಇಬ್ಬರಿಗೂ ಸಮ ಇಡೋಣ. ಹೊಡೆಯೋ ಸಿಟ್ಟನ್ನ ಆಟದ ನಡುವೆ ಆಗಾಗ ಬೀಳೋ ಹಾಗೆ ಹಾಕ್ತೀನಿ. ಮೊದಲ ಆವೃತ್ತಿ ಇಬ್ಬರಿಗೆ ಸಾಕು.

ಸಕ್ಕರೆನಾಡು_ಫಾರ್ಮ್ (ಮಂಡ್ಯ)

ಇಬ್ರೇ ಆದ್ರೂ ಸರಿ ಬಿಡಣ್ಣ. ಜಾಗ ನಾನ್ ಕಟ್ತೀನಿ. 40ಕ್ಕೆ 30ರ ಸೈಟು, ಪಾರ್ಕ್ ಅಂತ ಹೆಸರಾಕಿ ಒಂದು ಆಲೆಮನೆ. ಗಾಣ, ಕೊಪ್ಪರಿಗೆ ಒಲೆ, ಬೆಲ್ಲದ ಅಚ್ಚು, ಹಿಂದ್ಗಡೆ ಕಬ್ಬಿನ ಸಿಪ್ಪೆ ರಾಶಿ. ಮುಂದಿನ ಜಗ್ಲಿ ಮ್ಯಾಲೆ ಮೂರು ಚೌಕಾಬಾರ ಮೇಜು. ಒಲೆ ಬರೀ ಅಲಂಕಾರ, ನಿಜವಾದ ಬೆಂಕಿ ಸಾಮಾನು ಹಾಕಾಕಿಲ್ಲ, ಹತ್ಕಂಡ್ರೆ ಮಕ್ಳೆಲ್ಲಾ ಆಟ ಬುಟ್ಟು ಕಿರುಚ್ಕೊಂಡು ನಿಲ್ತವೆ.

ಮೂಳೆಗೂಡು_3ಡಿ (ಮೈಸೂರು)

ಜಗಲಿಗೆ ಎರಡು ಮೆಟ್ಟಿಲಿಗಿಂತ ಜಾಸ್ತಿ ಇಡಬೇಡ ತಮ್ಮಾ, ಮೇಜಿನ ಸುತ್ತ ಎಲ್ಲಾ ಕಡೆ ಒಂದೊಂದು ಚೌಕ ಖಾಲಿ ಬಿಡು. ಮೂರು ಮೇಜು ಒತ್ತೊತ್ತಾಗಿ ಇಟ್ಟರೆ ಮಧ್ಯದ ಮೇಜಿಗೆ ಯಾರೂ ಹೋಗೋಕಾಗಲ್ಲ. ಹಲಗೆಯ ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸೋ ಚಿತ್ರ) ನಾನು ಮಾಡ್ತೀನಿ. ಸೀಮೆಸುಣ್ಣದಲ್ಲಿ ಗೀಚಿದ ಹಾಗೋ, ಮರದಲ್ಲಿ ಕೆತ್ತಿದ ಹಾಗೋ, ಯಾವುದು ಬೇಕು ಹೇಳಿ.

ಚೌಕಾಬಾರ_ರಾಣಿ (ಮೈಸೂರು)

ಸೀಮೆಸುಣ್ಣ. ಗೆರೆ ಅಲ್ಲಲ್ಲಿ ಅಳಿಸಿರಲಿ.